ತೋಡಿನಂಚಿನ ತೆರ್ಮೆ ಕಳೆಯಲ್ಲ

ಮುಂಗಾರು ಹಿಡಿದು ಹದಿನೈದು ದಿನ ಕಳೆಯಿತೆಂದರೆ ನಮ್ಮ ತೋಟಗಳ ತೋಡು, ಬಸಿಗಾಲುವೆ, ಕೆರೆಯ ಕೋಡಿ, ಗದ್ದೆಯ ಬದು ಇವುಗಳ ಪಕ್ಕದಲ್ಲಿ ಹಸಿರು ಸುರುಳಿಗಳು ತಲೆಯೆತ್ತುತ್ತವೆ. ಕೊಡಗಿನಲ್ಲಿ ಇದಕ್ಕೆ ತೆರ್ಮೆ ತೊಪ್ಪು ಎನ್ನುತ್ತೇವೆ. ಮಲೆನಾಡಿನ ಬೇರೆ ಕಡೆ ಹೆಸರು ಊರಿಂದೂರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಸೊಪ್ಪು ಮಾತ್ರ ಒಂದೇ. ಕಕ್ಕಡ ತಿಂಗಳಿನಲ್ಲಿ ಹೊರಗೆ ಕಾಲಿಡಲಾಗದಂತೆ ಮಳೆ ಸುರಿಯುವಾಗ ಬೈಂಬಳೆ, ಕುಮ್ಮು, ಕೆಸುವಿನ ಜೊತೆಗೆ ಅಡಿಗೆಮನೆಗೆ ಬರುತ್ತಿದ್ದುದು ಇದೇ. ತರಕಾರಿ ಗಾಡಿ ಊರೊಳಗೆ ಬಾರದ ಕಾಲದಲ್ಲಿ ಅನೇಕ ಮನೆಗಳ ಪಲ್ಯ ಇದರಿಂದಲೇ ನಡೆಯುತ್ತಿತ್ತು.

ಈಗ ಈ ವಿಚಾರವನ್ನೆತ್ತಲು ಕಾರಣವಿದೆ. ಮಳೆಗೆ ಮೊದಲು ಒಂದು ಬಾರಿ, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಬಾರಿ ಕಳೆನಾಶಕ ಸಿಂಪಡಿಸುವ ರೂಢಿ ಸಣ್ಣ ತೋಟಗಳಿಗೂ ಬಂದುಬಿಟ್ಟಿದೆ. ಕಾಫಿ ಸಾಲಿನ ನಡುವೆ ಸಿಂಪಡಿಸುವವರು ಅಲ್ಲಿಗೇ ನಿಲ್ಲುತ್ತಿಲ್ಲ. ಡಬ್ಬದಲ್ಲಿ ಉಳಿದದ್ದನ್ನು ಚರಂಡಿಯ ಎರಡು ಬದಿಗೂ, ತೋಡಿನ ಅಂಚಿಗೂ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿ ಬೆಳೆದದ್ದೆಲ್ಲ ಕಳೆಯೇ ಎಂಬ ಎಣಿಕೆ. ಈ ಎಣಿಕೆ ತಪ್ಪು ಎಂಬುದು ನಮ್ಮ ಅಭಿಪ್ರಾಯ. ತಪ್ಪು ಮಾತ್ರವಲ್ಲ, ಅಪಾಯವೂ ಹೌದು. ಅದನ್ನು ಬಿಡಿಸಿ ಹೇಳುವುದಕ್ಕೆ ಮೊದಲು ಗಿಡದ ವಿಚಾರ ನಾಲ್ಕು ಮಾತು ಹೇಳುವುದು ಒಳ್ಳೆಯದು. ದಿನವೂ ಕಾಲಿಗೆ ತಾಗುವ ಗಿಡವಾದರೂ ನಮ್ಮಲ್ಲಿ ಬಹಳ ಮಂದಿ ಅದನ್ನು ನಿಂತು ನೋಡಿದಂತಿಲ್ಲ.

ತೆರ್ಮೆ ಜರೀಗಿಡಗಳ ಜಾತಿಗೆ ಸೇರಿದ್ದು. ಶಾಸ್ತ್ರೀಯ ಹೆಸರು ಡಿಪ್ಲೇಜಿಯಂ ಎಸ್ಕ್ಯುಲೆಂಟಂ. ಎರಡನೆಯ ಪದಕ್ಕೆ ತಿನ್ನಲು ಯೋಗ್ಯವಾದದ್ದು ಎಂದೇ ಅರ್ಥ. 1791ರಲ್ಲಿ ಸ್ವೀಡನ್ನಿನ ರೆಟ್ಜಿಯಸ್ ಎಂಬ ವಿದ್ವಾಂಸರು ಇದನ್ನು ಮೊದಲು ವರ್ಣಿಸುವಾಗಲೇ ಆ ಹೆಸರು ಕೊಟ್ಟರು. ಮುಂದೆ ಅದೇ ದೇಶದ ಸ್ವಾರ್ಟ್ಸ್ ಎಂಬವರು ಇದನ್ನು ಈಗಿನ ಕುಲಕ್ಕೆ ಸೇರಿಸಿದರು. ಅಂದರೆ ಇದು ತಿನ್ನುವ ಸೊಪ್ಪೆಂಬುದು ಇನ್ನೂರು ವರ್ಷಕ್ಕೂ ಹಿಂದೆಯೇ ಪುಸ್ತಕಕ್ಕೆ ಏರಿದ ಸಂಗತಿ. ನಮ್ಮ ಅಜ್ಜಿಯರಿಗೆ ಅದಕ್ಕೂ ಎಷ್ಟೋ ಮೊದಲು ಗೊತ್ತಿತ್ತೆಂಬುದು ಬೇರೆ ಮಾತು.

ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಬಲಿತ ಗರಿಯೊಂದನ್ನು ಮಗುಚಿ ನೋಡಿ. ಹಿಂಬದಿಯಲ್ಲಿ ನರಗಳ ಉದ್ದಕ್ಕೆ ಕಂದು ಬಣ್ಣದ ಸಣ್ಣ ಗೆರೆಗಳು ಕಾಣುತ್ತವೆ. ಅವನ್ನು ರೋಗವೆಂದೂ, ಕಾಫಿ ಎಲೆಯ ತುಕ್ಕಿನಂತಹದೇ ಏನೋ ಎಂದೂ ಕೆಲವರು ತಿಳಿಯುವುದುಂಟು. ಅದು ರೋಗವಲ್ಲ, ಬೀಜದ ಬದಲು ಈ ಗಿಡ ಬಿಡುವ ಧೂಳಿನಂತಹ ಬೀಜಾಣುಗಳ ಚೀಲಗಳು. ಈ ಕುಲದಲ್ಲಿ ಅಂತಹ ಗೆರೆಗಳು ಕೆಲವು ನರಗಳ ಎರಡು ಮಗ್ಗುಲಿಗೂ ಜೋಡಿಯಾಗಿ ಇರುವುದರಿಂದಲೇ ಡಿಪ್ಲೇಜಿಯಂ, ಎಂದರೆ ಜೋಡಿ, ಎಂಬ ಹೆಸರು ಬಂದಿದೆ.

ಈ ಧೂಳು ಗಾಳಿಯಲ್ಲಿ ಹಾರಿ ಒದ್ದೆ ಮಣ್ಣಿನ ಮೇಲೆ ಬಿದ್ದರೆ ಅದರಿಂದ ಕೂಡಲೇ ತೆರ್ಮೆ ಹುಟ್ಟುವುದಿಲ್ಲ. ಮೊದಲು ಹುಟ್ಟುವುದು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ, ನೆಲಕ್ಕೆ ಅಂಟಿಕೊಂಡ ಒಂದು ತೆಳು ಹಸಿರು ಹಾಳೆ. ಗಂಡು ಹೆಣ್ಣಿನ ಅಂಗಗಳೆರಡೂ ಇರುವುದು ಅದರಲ್ಲಿ. ಗಂಡು ಕಣ ನೀರಿನಲ್ಲಿ ಈಜಿ ಹೋಗಿ ಹೆಣ್ಣು ಕಣವನ್ನು ಸೇರಬೇಕು. ಮಣ್ಣಿನ ಮೇಲೆ ನೀರಿನ ತೆಳ್ಳನೆಯ ಪೊರೆಯಾದರೂ ಇಲ್ಲದಿದ್ದರೆ ಈ ಸಂಸಾರ ನಡೆಯುವಂತಿಲ್ಲ. ತೆರ್ಮೆ ತೋಡಿನ ಅಂಚನ್ನೇ ಹಿಡಿದು ಕುಳಿತಿರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಮ್ಮೆ ನೆಲೆ ಕಂಡ ಮೇಲೆ ಬುಡದ ಅಕ್ಕಪಕ್ಕದಲ್ಲಿಯೂ ಮರಿಗಳು ಎದ್ದು ಹಿಂಡಾಗುತ್ತದೆ. ಆದರೆ ಹೊಸ ಜಾಗದಲ್ಲಿ ಮೊದಲ ಗಿಡ ನಿಲ್ಲಬೇಕಾದರೆ ವರ್ಷಾನುಗಟ್ಟಲೆ ಯಾರೂ ಕೆದಕದ, ನೆರಳಿನ, ಒದ್ದೆಯ ಮಣ್ಣು ಬೇಕು. ಒಂದು ಡಬ್ಬ ಔಷಧಿಯಿಂದ ಕಾಲು ಗಂಟೆಯಲ್ಲಿ ತೆಗೆದುಹಾಕಬಹುದಾದದ್ದು ಮರಳಿ ಬರುವುದು ಅಷ್ಟು ಸುಲಭವಲ್ಲ.

ಗುರುತು ಹೇಳಬೇಕಾದರೆ: ಬುಡ ನೆಟ್ಟಗಿದ್ದು, ಹಳೆಯ ಗಿಡದಲ್ಲಿ ಚಿಕ್ಕ ಕಪ್ಪು ಮೋಟಿನಂತೆ ನೆಲದಿಂದ ಮೇಲೆ ಕಾಣುತ್ತದೆ. ಗರಿಗಳೆಲ್ಲ ಆ ಒಂದೇ ಬುಡದಿಂದ ಗುಂಪಾಗಿ ಏಳುತ್ತವೆ. ಎಳೆಯ ಗಿಡದ ಗರಿ ಒಂದೇ ಸಲ ಸೀಳಿರುತ್ತದೆ. ಬಲಿತದ್ದು ಎರಡು ಸಲ ಸೀಳಿ ಮೊಣಕಾಲು, ಸೊಂಟದವರೆಗೂ ಬೆಳೆಯುತ್ತದೆ. ಕಿರುಗರಿಯನ್ನು ಬೆಳಕಿಗೆ ಹಿಡಿದರೆ ಪಕ್ಕಪಕ್ಕದ ನರಗಳು ತುದಿಯಲ್ಲಿ ಒಂದನ್ನೊಂದು ಕೂಡಿ ಅಂಕುಡೊಂಕು ಗೆರೆಯಾಗಿರುವುದು ಕಾಣುತ್ತದೆ. ಎಳೆಯ ಸುರುಳಿ ನುಣುಪಾದ ಹಸಿರು. ದಂಟಿನ ಬುಡದಲ್ಲಿ ಮಾತ್ರ ಕಪ್ಪುಗಂದು ಹುರುಪೆ. ಅದೇ ಚರಂಡಿಯಲ್ಲಿ ಮೈಯೆಲ್ಲ ಮೃದುವಾದ ರೋಮವಿರುವ ಬೇರೆ ಜರೀಗಿಡಗಳೂ ಬೆಳೆಯುತ್ತವೆ. ಕೈಗೆ ರೋಮ ತಾಗಿದರೆ ಅದು ತೆರ್ಮೆಯಲ್ಲವೆಂದು ಬಿಟ್ಟುಬಿಡಬೇಕು.

ಇನ್ನೊಂದನ್ನು ಖಂಡಿತ ಬಿಡಲೇಬೇಕು. ಮರವಿಲ್ಲದ ಬೋಳುಗುಡ್ಡದಲ್ಲಿ, ಬೆಂಕಿ ಬಿದ್ದ ಹುಲ್ಲುಗಾವಲಿನಲ್ಲಿ, ಬಿಸಿಲಿಗೆ ಹೆದರದೆ ಹಬ್ಬಿ ನಿಲ್ಲುವ ಬ್ರಾಕನ್ ಎಂಬ ಜರೀಗಿಡವಿದೆ. ಅದರ ಕಾಂಡ ನೆಲದೊಳಗೆ ಹರಿದಾಡುವುದರಿಂದ ಗರಿಗಳು ಒಂದೇ ಬುಡದಲ್ಲಿ ಗುಂಪಾಗಿರದೆ ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಏಳುತ್ತವೆ. ಎಲೆ ಒರಟು, ಒಟ್ಟು ಆಕಾರ ಮುಕ್ಕೋನ, ಸುರುಳಿಯ ಮೇಲೆ ರೋಮ. ಇದರಲ್ಲಿರುವ ಟಾಕ್ವಿಲೊಸೈಡ್ ಎಂಬ ವಿಷವನ್ನು 1983ರಲ್ಲಿ ಜಪಾನಿನಲ್ಲಿಯೂ ಹಾಲೆಂಡಿನಲ್ಲಿಯೂ ಬೇರೆಬೇರೆಯಾಗಿ ಪತ್ತೆ ಹಚ್ಚಿದರು. ಬಹುಕಾಲ ಇದನ್ನು ಮೇಯ್ದ ದನಗಳು ರಕ್ತಮೂತ್ರದಿಂದ ನರಳುತ್ತವೆ; ಮೂತ್ರಕೋಶದಲ್ಲಿ ಗೆಡ್ಡೆಗಳಾಗುತ್ತವೆ; ವಿಷ ಹಾಲಿನಲ್ಲಿಯೂ ಇಳಿಯುತ್ತದೆ. ಜಪಾನಿನವರು ಅದರ ಸುರುಳಿಯನ್ನು ಬೂದಿ ಅಥವಾ ಸೋಡ ಹಾಕಿದ ಬಿಸಿನೀರಿನಲ್ಲಿ ನೆನೆಹಾಕಿ, ವಿಷ ತಗ್ಗಿಸಿ ತಿನ್ನುತ್ತಾರೆಂಬುದು ನಿಜ. ಆ ಸಾಹಸ ನಮಗೆ ಬೇಡ. ಕೊಟ್ಟಿಗೆಗೆ ಸೊಪ್ಪು ತರುವವರಿಗೂ ಈ ಮಾತು ಅನ್ವಯಿಸುತ್ತದೆ. ಮೇವು ಕಡಿಮೆಯಿರುವ ದಿನಗಳಲ್ಲಿ ಹಾಸಿಗೆಗೆಂದು ಹಾಕಿದ ಬ್ರಾಕನ್ನನ್ನು ದನ ತಿನ್ನದೇ ಬಿಡುತ್ತದೆಂದು ನಂಬಿ ಕೂರಬಾರದು.

ಇನ್ನು ಉಪಯೋಗದ ಮಾತು. ತೆರ್ಮೆ ನಮ್ಮ ಕಡೆಯವರ ಸೊತ್ತೆಂದು ಬೀಗಲು ಕಾರಣವಿಲ್ಲ. ಅಸ್ಸಾಮಿನಲ್ಲಿ ಇದೇ ಢೆಕಿಯಾ ಶಾಕ್, ಬಂಗಾಳದಲ್ಲಿ ಢೆಂಕಿ ಶಾಕ್, ನೇಪಾಳದಲ್ಲಿ ನಿಯುರೊ, ಮಲೇಶಿಯದಲ್ಲಿ ಪಾಕು, ಫಿಲಿಪೈನ್ಸಿನಲ್ಲಿ ಪಾಕೊ. ಅಲ್ಲಿ ಕೆಲವೆಡೆ ಬುಡ ಸೀಳಿ ನೆಟ್ಟು ಬೆಳೆಯಾಗಿಯೇ ತೆಗೆದು ಮಾರುತ್ತಾರೆ. ಕಳೆದ ಕೆಲವು ವರ್ಷಗಳಿಂದ ನಮ್ಮ ತೋಟಗಳ ಲೈನುಮನೆಗಳಿಗೆ ಅಸ್ಸಾಮಿನಿಂದ ಬಂದ ಆಳುಗಳು ಸೇರಿರುವುದು ಎಲ್ಲರಿಗೂ ತಿಳಿದದ್ದೇ. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಆದರೆ ತೋಡಿನಂಚಿನ ಈ ಸೊಪ್ಪನ್ನು ಅವರಿಗೆ ಯಾರೂ ತೋರಿಸಿಕೊಡಬೇಕಾಗಿಲ್ಲ. ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಕೆಲಸ ಬಿಟ್ಟು ಹೋಗುವಾಗ ಹೆಂಗಸರು ಸೆರಗಿನ ತುಂಬ ಕಿತ್ತುಕೊಂಡು ಹೋಗುವುದು ಮಳೆಗಾಲದಲ್ಲಿ ಪ್ರತಿದಿನದ ನೋಟ. ನಮ್ಮ ವಾದಕ್ಕೆ ಈ ಸಂಗತಿ ಬಹು ಮುಖ್ಯವಾದುದು. ಅದಕ್ಕೆ ಮುಂದೆ ಬರುತ್ತೇವೆ.

ಅಡಿಗೆಯ ಕ್ರಮ ನಮ್ಮ ಮನೆಯ ಹೆಂಗಸರಿಗೆ ನಾವು ಹೇಳಿಕೊಡಬೇಕಾದದ್ದಲ್ಲ. ಆದರೆ ಪಟ್ಟಣದಲ್ಲಿ ಬೆಳೆದು ತೋಟಕ್ಕೆ ಬಂದ ಸೊಸೆಯಂದಿರಿಗಾಗಿ ಒಂದು ಮಾತು. ಸುರುಳಿ ಬಿಚ್ಚುವ ಮೊದಲೇ, ಬೆರಳಿನಿಂದ ಬಾಗಿಸಿದರೆ ಪಟ್ಟೆಂದು ಮುರಿಯುವಷ್ಟು ಎಳೆಯದನ್ನು ಕೀಳಬೇಕು. ಹುರುಪೆ ಉಜ್ಜಿ ತೆಗೆದು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಮೊದಲು ಕುದಿಸಿ ಆ ನೀರು ಚೆಲ್ಲಬೇಕು. ಲೋಳೆಯೂ ಒಗರೂ ಅದರಲ್ಲಿ ಬಹುಮಟ್ಟಿಗೆ ಹೋಗುತ್ತವೆ. ಬಳಿಕ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬಾಡಿಸಿ ಕಾಯಿತುರಿ ಹಾಕಿದರೆ ಅಕ್ಕಿರೊಟ್ಟಿಗೆ ಇದಕ್ಕಿಂತ ಬೇರೆ ಬೇಡ. ಹಸಿಯಾಗಿ ತಿನ್ನುವುದು ಯಾವ ಜರೀಗಿಡದ ವಿಷಯದಲ್ಲಿಯೂ ಸಲ್ಲದು. ಸಕ್ಕರೆ ಕಾಯಿಲೆಯಿಂದ ಹಿಡಿದು ಅರ್ಬುದದವರೆಗೆ ಎಲ್ಲವನ್ನೂ ಇದು ಗುಣಪಡಿಸುತ್ತದೆಂದು ಮೊಬೈಲಿನಲ್ಲಿ ಬರುವ ಸಂದೇಶಗಳನ್ನು ನಾವು ನಂಬುವುದಿಲ್ಲ. ಇದೊಂದು ಒಳ್ಳೆಯ ಸೊಪ್ಪು. ಅಷ್ಟು ಸಾಲದೇ?

ಈಗ ಔಷಧಿಯ ವಿಚಾರಕ್ಕೆ ಬರೋಣ. ನಮ್ಮ ಸದಸ್ಯರ ಕಷ್ಟ ನಮಗೆ ತಿಳಿಯದ್ದಲ್ಲ. ಆಳು ಸಿಗುವುದಿಲ್ಲ, ಸಿಕ್ಕಿದರೆ ಕೂಲಿ ಕೈಗೆ ಹತ್ತುವುದಿಲ್ಲ. ಮೂರು ಬಾರಿ ಕತ್ತಿಯಲ್ಲಿ ಕಳೆ ತೆಗೆಸುವ ಖರ್ಚನ್ನು ಎರಡು ಎಕರೆಯವನು ಹೊರಬೇಕೆಂದು ಮೇಜಿನ ಮುಂದೆ ಕುಳಿತು ಬರೆಯುವುದು ಸುಲಭ. ಕಾಫಿ ಸಾಲಿನೊಳಗೆ ಕಳೆನಾಶಕವನ್ನು ಬಳಸಬೇಕೆ ಬೇಡವೆ ಎಂಬುದು ಬೇರೆಯೇ ಚರ್ಚೆ. ಇಂದು ಅದಕ್ಕೆ ಕೈಹಾಕುವುದಿಲ್ಲ. ನಮ್ಮ ಮಾತು ತೋಡಿನ ಅಂಚಿಗೆ, ಬಸಿಗಾಲುವೆಯ ಬದಿಗೆ ಮಾತ್ರ ಸೀಮಿತ.

ಪ್ಯಾರಾಕ್ವಾಟ್ ತಗುಲಿದ ಗಿಡ ಒಂದೆರಡು ದಿನದಲ್ಲಿ ಸುಟ್ಟಂತಾಗುತ್ತದೆ. ನೋಡಿದವರು ದೂರ ಸರಿಯುತ್ತಾರೆ. ಗ್ಲೈಫೊಸೇಟಿನ ರೀತಿಯೇ ಬೇರೆ. ಅದು ಎಲೆಯಿಂದ ಒಳಗಿಳಿದು ರಸದೊಡನೆ ಬೆಳೆಯುವ ತುದಿಗೂ ಬೇರಿಗೂ ಹೋಗಿ ನಿಧಾನವಾಗಿ ಕೊಲ್ಲುತ್ತದೆ. ಗಿಡ ಹಳದಿಗೆ ತಿರುಗಲು ಒಂದು ವಾರ, ಮೋಡ ಮುಸುಕಿದ ತಂಪು ದಿನಗಳಲ್ಲಿ ಅದಕ್ಕೂ ಹೆಚ್ಚು ಬೇಕು. ಅಷ್ಟು ದಿನವೂ ತೆರ್ಮೆ ಹಸಿರಾಗಿಯೇ, ಸುರುಳಿ ಎಳೆಯದಾಗಿಯೇ ಇರುತ್ತದೆ. ಬೆಳೆಯುವ ತುದಿಗೆ ಹೋಗುವ ಔಷಧಿ. ನಾವು ತಿನ್ನುವುದೂ ಬೆಳೆಯುವ ತುದಿಯನ್ನೇ. ಸೋಮವಾರ ಸಿಂಪಡಿಸಿದ್ದನ್ನು ಬುಧವಾರ ಸಂಜೆ ಕಿತ್ತುಕೊಂಡು ಹೋಗುವ ಹೆಂಗಸಿಗೆ ಅದು ತಿಳಿಯುವ ಬಗೆ ಯಾವುದು? ಸಿಂಪಡಿಸಿದವನು ಬೇರೆ ಗುಂಪಿನ ಆಳು, ಕೀಳುವವಳು ಬೇರೆ ಊರಿನವಳು. ತೋಟದ ಯಜಮಾನನಾದರೋ ಆ ಹೊತ್ತಿಗೆ ಗೊಬ್ಬರಕ್ಕೆಂದು ಪೇಟೆಗೆ ಹೋಗಿರುತ್ತಾನೆ. ಇದು ಊಹೆಯ ಭಯವಲ್ಲ. ನಮ್ಮ ತೋಟಗಳಲ್ಲಿ ಕೆಲಸ ನಡೆಯುವ ಕ್ರಮವನ್ನು ಬಲ್ಲ ಯಾರೇ ಆದರೂ ಒಪ್ಪಬೇಕಾದ ಮಾತು.

2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೊಸೇಟನ್ನು ತರಬೇತಾದ ಕೀಟನಿಯಂತ್ರಣ ನಿರ್ವಾಹಕರ ಮೂಲಕವೇ ಸಿಂಪಡಿಸಬೇಕೆಂದು ಅಧಿಸೂಚನೆ ಹೊರಡಿಸಿತು. ಮನುಷ್ಯರಿಗೂ ಪ್ರಾಣಿಗಳಿಗೂ ಆಗಬಹುದಾದ ಹಾನಿಯನ್ನೇ ಅದಕ್ಕೆ ಕಾರಣವಾಗಿ ಕೊಟ್ಟಿತ್ತು. ಹಳ್ಳಿಯಲ್ಲಿ ಅದು ಎಷ್ಟು ಜಾರಿಗೆ ಬಂತೆಂದು ಕೇಳಿದರೆ ಓದುಗರು ನಕ್ಕಾರು. ಪ್ಯಾರಾಕ್ವಾಟಿನ ವಿಷಯದಲ್ಲಿ ನಗುವಂತಹದೇನೂ ಇಲ್ಲ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಅಂತಹ ವಸ್ತುವಿನ ಡಬ್ಬವನ್ನು ಕುಡಿಯುವ ನೀರಿನ ಮೂಲವಾದ ತೋಡಿನಲ್ಲಿ ಅಲುಗಾಡಿಸಿ ತೊಳೆಯುವುದನ್ನು ಏನೆನ್ನಬೇಕೋ ನಮಗೆ ತಿಳಿಯದು.

ತೋಡು ಯಾರೊಬ್ಬರದೂ ಅಲ್ಲವೆಂಬುದನ್ನೂ ನೆನಪಿಸಬೇಕಾಗಿದೆ. ಮೇಲಿನ ತೋಟದವನು ಬಿಟ್ಟದ್ದು ಕೆಳಗಿನ ತೋಟದವನ ಗದ್ದೆಗೆ, ಕೆರೆಗೆ, ಬಾವಿಯ ಬುಡಕ್ಕೆ ಇಳಿಯುತ್ತದೆ. ಕಳೆನಾಶಕ ಎಲೆಗೆ ಅಂಟಲೆಂದು ಬೆರೆಸುವ ಸಾಬೂನಿನಂತಹ ಪದಾರ್ಥ ಕಪ್ಪೆಮರಿಗಳಿಗೆ ಮಾರಕವೆಂದು ಪರೀಕ್ಷೆಗಳಲ್ಲಿ ಕಂಡಿದೆ. ಗದ್ದೆಯಲ್ಲಿ ಕಪ್ಪೆ ಕಡಿಮೆಯಾಯಿತೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ನಾವು ನೀರಿನ ಮೇಲ್ತುದಿಯಲ್ಲಿ ಏನು ನಡೆಯುತ್ತಿದೆಯೆಂದೂ ನೋಡಬೇಡವೆ?

ಅಡಿಕೆ ಬೆಳೆಗಾರರಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮೈಸೂರು ಸೀಮೆಯಲ್ಲಿ ಡಾ. ಕೋಲ್ಮನ್ನರ ಕಾಲದಿಂದ, ಎಂದರೆ 1910ರ ಸುಮಾರಿನಿಂದ ಬಂದ ಕ್ರಮ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಬಿಟ್ಟರೆ ಅಡಿಕೆಯೇ ಉಳಿಯುವುದಿಲ್ಲ. ಆದರೆ ಮೊದಲ ಸಿಂಪರಣೆಯ ಕಾಲವೂ ತೆರ್ಮೆ ಚಿಗುರುವ ಕಾಲವೂ ಒಂದೇ. ಗೊನೆಯ ಮೇಲೆ ಬಿದ್ದಷ್ಟೇ ಕೆಳಗಿನ ಕಾಲುವೆಯ ಸೊಪ್ಪಿನ ಮೇಲೂ ಬೀಳುತ್ತದೆ. ಮಳೆಗೆ ತೊಳೆದುಹೋಗದಿರಲೆಂದು ರಾಳ ಬೆರೆಸಿ ಅಂಟುವಂತೆ ಮಾಡಿರುವ ದ್ರಾವಣ ಅಡಿಗೆಮನೆಯ ಒಂದು ಬೋಗುಣಿ ನೀರಿಗೆ ಹೋಗುತ್ತದೆಂದು ಎಣಿಸುವುದು ಹೇಗೆ? ಆದುದರಿಂದ ಅಡಿಕೆ ತೋಟದೊಳಗಿನ ಕಾಲುವೆಯ ತೆರ್ಮೆಯನ್ನು ಸಿಂಪರಣೆಗೆ ಮೊದಲು ಕಿತ್ತರೆ ಸರಿ. ಆಮೇಲೆ ಆ ವರ್ಷದ ಮಟ್ಟಿಗೆ ಅದರ ಆಸೆ ಬಿಟ್ಟು ತೋಟದ ಹೊರಗಿನ ತೋಡಿಗೆ ಹೋಗುವುದು ಲೇಸು.

ಪ್ರಸಂಗ ಬಂದುದರಿಂದ ಒಂದು ಮಾತು. ಹಳೆಯ ಗಾರೆಗೋಡೆಗಳ ಬಿರುಕಿನಲ್ಲಿ ಬೆಳೆಯುವ ಟೆರಿಸ್ ವಿಟ್ಟೇಟ ಎಂಬ ಇನ್ನೊಂದು ಜರೀಗಿಡ ಮಣ್ಣಿನಲ್ಲಿರುವ ಪಾಷಾಣವನ್ನು ಹೀರಿ ಗರಿಯಲ್ಲಿ ಕೂಡಿಡುತ್ತದೆಂದು 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ತೆರ್ಮೆಗೂ ಅದೇ ಗುಣವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ನೆಲದಲ್ಲಿರುವುದು ಸೊಪ್ಪಿಗೆ ಬರುತ್ತದೆಂಬುದು ಬೇಸಾಯಗಾರನಿಗೆ ಹೊಸ ಪಾಠವೇನೂ ಅಲ್ಲ. ಪೇಟೆಯ ಕೊಳಕು ಚರಂಡಿಯ ಪಕ್ಕದಲ್ಲಿ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಅಲ್ಲಿಂದ ಕೀಳಬಾರದು.

ದಡದ ಮಣ್ಣನ್ನು ಹಿಡಿಯುವ ಕೆಲಸವೂ ಇದರದ್ದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದುದನ್ನು ಕಂಡವರು ನಾವು. ಅಂತಹ ಕುಸಿತವನ್ನು ಸೊಪ್ಪಿನ ಗಿಡ ತಡೆಯುತ್ತದೆಂದು ಹೇಳಿ ನಗೆಪಾಟಲಿಗೀಡಾಗುವ ಮನಸ್ಸಿಲ್ಲ. ನಾವು ಹೇಳುವುದು ಸಣ್ಣ ಸಂಗತಿ. ಕಳೆನಾಶಕ ಬಿದ್ದ ಚರಂಡಿಯ ದಡ ಬೋಳಾಗಿ ನಿಲ್ಲುತ್ತದೆ; ಮೊದಲ ಜಡಿಮಳೆಗೆ ಅಂಚು ಕುಸಿದು ಹೂಳು ತುಂಬುತ್ತದೆ; ಆ ಹೂಳು ತೆಗೆಸಲು ಮತ್ತೆ ಆಳು ಬೇಕು. ಒಂದು ದಿನದ ಕತ್ತಿ ಕೆಲಸ ಉಳಿಸಿ ಮೂರು ದಿನದ ಗುದ್ದಲಿ ಕೆಲಸ ತಂದುಕೊಳ್ಳುವುದು ಯಾವ ಲೆಕ್ಕ? ತೆರ್ಮೆಯ ಬೇರು ಒತ್ತಾಗಿ ಹೆಣೆದ ದಡ ಹಾಗೆ ಸುಲಭವಾಗಿ ಕರಗುವುದಿಲ್ಲ.

ನೀರು ಹರಿಯಲು ಅಡ್ಡಿಯಾಗುತ್ತದೆಂಬುದು ಸದಸ್ಯರ ಆಕ್ಷೇಪ. ಆಗುವುದೂ ನಿಜ. ಅದಕ್ಕೆ ಮೇ ತಿಂಗಳ ಕೊನೆಗೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಹಳೆಯ ಗರಿಗಳನ್ನು ಕತ್ತಿಯಿಂದ ಸವರಿದರೆ ಸಾಕು. ಬುಡಕ್ಕೆ ಪೆಟ್ಟು ಬೀಳದಿದ್ದರೆ ಗಿಡ ಸಾಯುವುದಿಲ್ಲ, ಮತ್ತೆ ಸುರುಳಿ ಬಿಡುತ್ತದೆ; ಸವರಿದ ಗರಿ ಗೊಬ್ಬರದ ಗುಂಡಿಗಾಯಿತು. ಕಾಲುವೆಯ ನಡುವೆ ಎದ್ದ ಬುಡಗಳನ್ನು ಮಣ್ಣುಸಹಿತ ಕಿತ್ತು ದಡಕ್ಕೆ ನೆಟ್ಟರೆ ಅಲ್ಲಿಯೇ ಹಿಡಿಯುತ್ತವೆ. ಸುರುಳಿ ಕೀಳುವವರೂ ಒಂದು ಬುಡದಿಂದ ಎಲ್ಲವನ್ನೂ ಕೀಳದೆ ಎರಡು ಮೂರನ್ನು ಬಿಚ್ಚಲು ಬಿಡಬೇಕು. ಗರಿಯೇ ಇಲ್ಲದ ಬುಡ ಮುಂದಿನ ವರ್ಷಕ್ಕೆ ಬಲ ಕೂಡಿಸುವುದು ಎಲ್ಲಿಂದ?

ಇದನ್ನು ವ್ಯಾಪಾರದ ಬೆಳೆ ಮಾಡಬಾರದೇಕೆ ಎಂದು ಉತ್ಸಾಹಿ ಯುವಕರು ಕೇಳಬಹುದು. ಸಂತೆಯಲ್ಲಿ ನಾಲ್ಕು ಕಟ್ಟು ಮಾರಿ ಉಪ್ಪು ಮೆಣಸಿನ ಖರ್ಚು ತೆಗೆಯುವ ಹೆಂಗಸರನ್ನು ಕಂಡರೆ ನಮಗೆ ಸಂತೋಷವೇ. ಆದರೆ ಎರಡು ತಿಂಗಳ ಸೊಪ್ಪು, ಕಿತ್ತ ಮರುದಿನಕ್ಕೆ ಬಾಡುವ ಸೊಪ್ಪು. ಇದನ್ನು ನಂಬಿ ಎಕರೆಗಟ್ಟಲೆ ನೆಡಿರೆಂದು ಹೇಳುವ ಧೈರ್ಯ ನಮಗಿಲ್ಲ. ವೆನಿಲ್ಲಾದ ಕಥೆ ಮರೆಯುವಷ್ಟು ಹಳೆಯದಾಗಿಲ್ಲ.

ನಮ್ಮ ಸೂಚನೆ ಇಷ್ಟು. ತೋಡಿನ ಎರಡು ಬದಿಗೂ ಒಂದೊಂದು ಮಾರು ಅಗಲ ಯಾವ ಕಳೆನಾಶಕವೂ ಬೀಳಬಾರದೆಂದು ನಮ್ಮ ಸಂಘದ ಸದಸ್ಯರು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಬೇಕು. ಇದಕ್ಕೆ ಕಾನೂನೂ ಬೇಡ, ಸಬ್ಸಿಡಿಯೂ ಬೇಡ. ಒಂದೇ ತೋಡಿಗೆ ತಾಗಿಕೊಂಡ ಐದಾರು ಮನೆಯವರು ಒಂದು ಸಂಜೆ ಕುಳಿತು ಮಾತಾಡಿದರಾಯಿತು. ಒಬ್ಬನೇ ಬಿಟ್ಟು ಮೇಲಿನವನು ಹೊಡೆದರೆ ಫಲವಿಲ್ಲ. ಸಾಲಿನೊಳಗೆ ಸಿಂಪಡಿಸಿದ ದಿನ ಆ ಕಡೆಯ ದಾರಿಯಲ್ಲಿ ಒಂದು ಕೆಂಪು ಬಟ್ಟೆ ಕಟ್ಟಿ, ಎರಡು ವಾರ ಅಲ್ಲಿಂದ ಯಾವ ಸೊಪ್ಪನ್ನೂ ಕೀಳಬಾರದೆಂದು ಲೈನುಮನೆಗಳಿಗೆ ತಿಳಿಸಬೇಕು. ಬಾಯಲ್ಲಿ ಹೇಳಿದರೆ ಸಾಲದು, ಅಸ್ಸಾಮಿನವರಿಗೆ ಅರ್ಥವಾಗುವಂತೆ ಅವರ ಮೇಸ್ತ್ರಿಯಿಂದಲೇ ಹೇಳಿಸಬೇಕು. ಸಂಘದ ಮಳಿಗೆಯಲ್ಲಿ ಕಳೆನಾಶಕ ಕೊಳ್ಳುವ ಪ್ರತಿಯೊಬ್ಬರಿಗೂ ಒಂದು ಗಜ ಕೆಂಪು ಬಟ್ಟೆಯನ್ನು ಡಬ್ಬದ ಜೊತೆಗೇ ಕೊಡಬಹುದೆಂದು ನಮಗೆ ತೋರುತ್ತದೆ. ಅದರ ಖರ್ಚನ್ನು ಸಂಘ ವಹಿಸಬೇಕೋ ಸದಸ್ಯರು ವಹಿಸಬೇಕೋ ಎಂಬುದನ್ನು ಮುಂದಿನ ಮಹಾಸಭೆಯಲ್ಲಿ ತೀರ್ಮಾನಿಸೋಣ. ಮಹಾಸಭೆಯ ಮಧ್ಯಾಹ್ನದ ಊಟಕ್ಕೆ ತೆರ್ಮೆ ಪಲ್ಯವಿರಲೆಂದು ಯಾರಾದರೂ ಸೂಚಿಸಿದರೆ ನಾವು ಅನುಮೋದಿಸುತ್ತೇವೆ. ಸೊಪ್ಪು ಯಾರ ತೋಡಿನದೆಂಬುದನ್ನು ಮಾತ್ರ ಮೊದಲು ವಿಚಾರಿಸಿಕೊಂಡು.